ಕಲ್ಲಿನ ಕೋಟೆಯೂ ಕಂಚಿನ ಫಿರಂಗಿಯೂ: ಕಾನ್‌ಸ್ಟಾಂಟಿನೋಪಲ್ ಪಟ್ಟಣದ ಗೋಡೆಗಳ ಚರಿತ್ರೆ

ಮನೆ ಕಟ್ಟಿಕೊಂಡ ಮಾನವನು ಬಹುಬೇಗನೆ ಅದರ ಸುತ್ತ ಗೋಡೆಯನ್ನೂ ಕಟ್ಟಿಕೊಂಡನು. ಗೋಡೆ ಎದ್ದ ಕಡೆಗಳಲ್ಲೆಲ್ಲ ಅದನ್ನು ಕೆಡಹುವ ಉಪಾಯವೂ ಹುಟ್ಟಿತು. ಕತ್ತಿಗೆ ಗುರಾಣಿ, ಬಾಣಕ್ಕೆ ಕವಚ, ಏಣಿಗೆ ಎತ್ತರದ ಗೋಡೆ, ಗೋಡೆಗೆ ಫಿರಂಗಿ, ಹೀಗೆ ಒಂದನ್ನು ಮತ್ತೊಂದು ಮೀರಿಸುತ್ತ ಬಂದಿರುವುದೇ ಯುದ್ಧವಿದ್ಯೆಯ ಚರಿತ್ರೆ. ಹಳೆಯ ಒಡಂಬಡಿಕೆಯನ್ನು ಓದಿದವರೆಲ್ಲರಿಗೂ ಜೆರಿಕೋ ಪಟ್ಟಣದ ಗೋಡೆಗಳ ನೆನಪಿರುತ್ತದೆ. ಆ ಪಟ್ಟಣದ ದಿಬ್ಬವನ್ನು ಅಗೆದ ಪ್ರಾಕ್ತನಶಾಸ್ತ್ರಜ್ಞರಿಗೆ ಯೆಹೋಶುವನ ಕಾಲಕ್ಕಿಂತ ಎಷ್ಟೋ ಹಿಂದಿನ, ಸುಮಾರು ಹತ್ತು ಸಾವಿರ ವರ್ಷಗಳಷ್ಟು ಹಳೆಯದಾದ ಕಲ್ಲುಗೋಡೆಯೂ ಗೋಪುರವೂ ದೊರೆತಿವೆ. ಕೋಟೆ ಕಟ್ಟುವ ಕಲೆ ಅಷ್ಟು ಪುರಾತನವಾದುದು.

ಪ್ರಪಂಚದಲ್ಲಿ ಕಟ್ಟಲ್ಪಟ್ಟ ಕೋಟೆಗಳ ಪೈಕಿ ಕಾನ್‌ಸ್ಟಾಂಟಿನೋಪಲ್ ಪಟ್ಟಣದ ಕೋಟೆಯಷ್ಟು ದೀರ್ಘಕಾಲ, ಅಷ್ಟೊಂದು ಶತ್ರುಗಳ ಎದುರು ನಿಂತ ಕೋಟೆ ಬೇರೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಧರ್ಮಸಭೆಯ ಚರಿತ್ರೆಗೂ ಆ ಗೋಡೆಗಳಿಗೂ ಬಹಳ ನಿಕಟವಾದ ಸಂಬಂಧವಿದೆ. ಅವು ಯಾವ ಆಯುಧಗಳಿಗೆ ಎದೆಯೊಡ್ಡಿ ನಿಂತವು, ಯಾವುದಕ್ಕೆ ಮಣಿದವು, ಏಕೆ ಮಣಿದವು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಈ ಕಥೆಯಲ್ಲಿ ಕಥೋಲಿಕರಾದ ನಮಗೆ ಅಪ್ರಿಯವಾದ ಒಂದು ಅಧ್ಯಾಯವೂ ಉಂಟು. ಅದನ್ನು ಬಿಟ್ಟು ಉಳಿದುದನ್ನು ಮಾತ್ರ ಹೇಳಿದರೆ ಅದು ಚರಿತ್ರೆಯಾಗದು.

ಪಟ್ಟಣವೂ ಅದರ ಗೋಡೆಯೂ

ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನು ಕ್ರಿ.ಶ. ೩೩೦ರ ಮೇ ೧೧ರಂದು ತನ್ನ ಹೊಸ ರಾಜಧಾನಿಯನ್ನು ವಿಧಿಪೂರ್ವಕವಾಗಿ ಪ್ರತಿಷ್ಠಾಪಿಸಿದನು. ಯೂರೋಪ್ ಮತ್ತು ಏಷ್ಯಾ ಖಂಡಗಳು ಒಂದನ್ನೊಂದು ಮುಟ್ಟುವಂತಿರುವ ಸ್ಥಳದಲ್ಲಿ, ಸಮುದ್ರದೊಳಕ್ಕೆ ಚಾಚಿದ ತ್ರಿಕೋನಾಕಾರದ ಭೂಭಾಗವೇ ಆ ಪಟ್ಟಣದ ನೆಲೆ. ದಕ್ಷಿಣಕ್ಕೆ ಮರ್ಮರ ಸಮುದ್ರ, ಉತ್ತರಕ್ಕೆ 'ಚಿನ್ನದ ಕೊಂಬು' ಎಂದು ಹೆಸರಾದ ಆಳವಾದ ಕೊಲ್ಲಿ; ಪಶ್ಚಿಮ ದಿಕ್ಕೊಂದರಲ್ಲಿ ಮಾತ್ರ ನೆಲದ ದಾರಿ. ಆದ್ದರಿಂದ ಪಶ್ಚಿಮದ ಆ ಒಂದು ಬದಿಯನ್ನು ಭದ್ರಪಡಿಸಿದರೆ ಪಟ್ಟಣ ಬಹುಮಟ್ಟಿಗೆ ಭದ್ರವಾದಂತೆ.

೪೧೦ರಲ್ಲಿ ಹಳೆಯ ರೋಮ್ ಪಟ್ಟಣವನ್ನು ಗಾಥರ ದೊರೆ ಅಲಾರಿಕನು ಸೂರೆಗೊಂಡಾಗ ಜಗತ್ತೇ ತಲ್ಲಣಿಸಿತು. ಹೊಸ ರೋಮಿನಲ್ಲಿ ಆಗ ಎರಡನೆಯ ಥಿಯೋಡೋಸಿಯಸ್ ಎಂಬ ಬಾಲಕ ಸಿಂಹಾಸನದಲ್ಲಿದ್ದನು. ಅವನ ಹೆಸರಿನಲ್ಲಿ ರಾಜ್ಯಭಾರ ಮಾಡುತ್ತಿದ್ದ ಆಂಥಿಮಿಯಸ್ ಎಂಬ ಮಂತ್ರಿಯು ೪೧೩ರ ವೇಳೆಗೆ ಸಮುದ್ರದಿಂದ ಕೊಲ್ಲಿಯ ಕಡೆಗೆ ಸುಮಾರು ನಾಲ್ಕು ಮೈಲಿ ಉದ್ದದ ಮಹಾಗೋಡೆಯನ್ನು ಎಬ್ಬಿಸಿದನು. ಅದಕ್ಕೆ ಬಾಲಕ ಚಕ್ರವರ್ತಿಯ ಹೆಸರೇ ಉಳಿಯಿತು.

ಈ ರಕ್ಷಣೆ ಒಂದೇ ಗೋಡೆಯಾಗಿರಲಿಲ್ಲ. ಹೊರಗಿನಿಂದ ಬರುವ ಶತ್ರುವಿಗೆ ಮೊದಲು ಎದುರಾಗುತ್ತಿದ್ದುದು ಅರವತ್ತು ಅಡಿಗಳಷ್ಟು ಅಗಲವಾದ ಕಂದಕ. ಅದನ್ನು ದಾಟಿದರೆ ಬಯಲು ಜಾಗ. ಅಲ್ಲಿ ನಿಂತವನ ಮೇಲೆ ಬಾಣಗಳ ಮಳೆ. ಅದರಾಚೆ ಬುರುಜುಗಳಿಂದ ಕೂಡಿದ ಹೊರಗೋಡೆ. ಅದನ್ನು ಏರಿ ಇಳಿದರೆ ಮತ್ತೊಂದು ಓಣಿ. ಅದರ ಹಿಂದೆ ಸುಮಾರು ನಲವತ್ತು ಅಡಿ ಎತ್ತರದ, ಹದಿನೈದು ಅಡಿಗೂ ಮಿಗಿಲಾದ ದಪ್ಪದ ಒಳಗೋಡೆ. ಅದರ ಮೇಲೆ ತೊಂಬತ್ತಾರು ದೊಡ್ಡ ಬುರುಜುಗಳು. ಒಳಗೋಡೆಯ ಬುರುಜುಗಳು ಹೊರಗೋಡೆಯ ಬುರುಜುಗಳ ಹಿಂದೆ ನೇರವಾಗಿ ನಿಲ್ಲದೆ ಎರಡರ ನಡುವೆ ನಿಲ್ಲುವಂತೆ ಕಟ್ಟಿದ್ದರು. ಇದರಿಂದ ಕಾವಲುಗಾರನ ಕಣ್ಣಿಗೆ ಮರೆಯಾದ ಮೂಲೆಯೇ ಇರಲಿಲ್ಲ. ಸುಣ್ಣಕಲ್ಲಿನ ವರಸೆಗಳ ನಡುನಡುವೆ ಇಟ್ಟಿಗೆಯ ಪಟ್ಟಿಗಳನ್ನು ಹಾಯಿಸಿ ಇಡೀ ಗೋಡೆಯನ್ನು ಬಿಗಿದಿದ್ದರು. ನಮ್ಮ ನಾಡಿನ ಕೋಟೆಗಳನ್ನು ಕಂಡವರಿಗೆ ಕಂದಕ, ಬುರುಜು, ತೆನೆಗಳು ಹೊಸತಲ್ಲ. ಆದರೆ ಇವೆಲ್ಲವನ್ನೂ ಒಂದರ ಹಿಂದೊಂದರಂತೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಚಾತುರ್ಯ ಅಲ್ಲಿನದು.

ಅರವತ್ತು ದಿನಗಳ ದುಡಿಮೆ

ಗೋಡೆ ಎದ್ದು ಮೂವತ್ತನಾಲ್ಕು ವರ್ಷಗಳಾಗಿದ್ದವು. ೪೪೭ರ ಜನವರಿಯಲ್ಲಿ ಭಾರೀ ಭೂಕಂಪವಾಗಿ ಐವತ್ತೇಳು ಬುರುಜುಗಳು ನೆಲಕ್ಕುರುಳಿದವು. ಅದೇ ಕಾಲಕ್ಕೆ ಹೂಣರ ದೊರೆ ಅಟ್ಟಿಲನು ಬಾಲ್ಕನ್ ನಾಡನ್ನು ಹಾಳುಗೆಡವುತ್ತಿದ್ದನು. ಗೋಡೆಯಿಲ್ಲದ ಪಟ್ಟಣ, ಹತ್ತಿರವಾಗುತ್ತಿರುವ ವೈರಿ!

ಆ ಪಟ್ಟಣದ ಜನ ರಥಸ್ಪರ್ಧೆಯ ಹುಚ್ಚಿನಿಂದ 'ನೀಲಿ' ಮತ್ತು 'ಹಸಿರು' ಎಂಬ ಎರಡು ಪಂಗಡಗಳಾಗಿ ಒಡೆದಿದ್ದರು. ಈ ಪಂಗಡಗಳವರು ಬೀದಿ ಬೀದಿಗಳಲ್ಲಿ ಬಡಿದಾಡುತ್ತಿದ್ದರು. ಜಗಳ ಕೆಲವೊಮ್ಮೆ ಕೊಲೆಯವರೆಗೂ ಹೋಗುತ್ತಿತ್ತು. ಆದರೆ ಗೋಡೆ ಬಿದ್ದಾಗ ಅಧಿಕಾರಿಯು ಇವೇ ಎರಡು ಪಂಗಡಗಳನ್ನು ಕರೆಸಿ ಗೋಡೆಯ ಕೆಲಸವನ್ನು ಅವರಿಗೆ ವಹಿಸಿದನು. ಹದಿನಾರು ಸಾವಿರ ಜನ ಕಲ್ಲು ಹೊತ್ತರೆಂದು ಪ್ರತೀತಿ. ಅರವತ್ತು ದಿನಗಳೊಳಗೆ ಗೋಡೆ ಮತ್ತೆ ಎದ್ದು ನಿಂತಿತು. ಆ ಕೆಲಸವನ್ನು ಹೊಗಳುವ ಕಲ್ಲಿನ ಶಾಸನ ಇಂದಿಗೂ ಕೋಟೆಯ ಬಾಗಿಲಲ್ಲಿದೆ. ಅಟ್ಟಿಲನು ಪಟ್ಟಣದ ಮೇಲೆ ಕೈ ಮಾಡಲಿಲ್ಲ. ಹಗೆ ಮರೆತ ಎರಡು ಪಂಗಡಗಳ ಭುಜಬಲದಿಂದ ಎದ್ದ ಗೋಡೆಯಿದು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಗೆ ಅದು ಬೇಕಾಗುತ್ತದೆ.

ನೀರಿನ ಮೇಲೆ ಉರಿಯುವ ಬೆಂಕಿ

ಮುಂದಿನ ಶತಮಾನಗಳಲ್ಲಿ ಪಟ್ಟಣವನ್ನು ಮುತ್ತಿದವರ ಪಟ್ಟಿ ದೊಡ್ಡದು. ೬೨೬ರಲ್ಲಿ ಅವಾರರು ಬೃಹತ್ತಾದ ಕಲ್ಲೆಸೆಯುವ ಯಂತ್ರಗಳೊಡನೆ ಗೋಡೆಯ ಮುಂದೆ ಬಂದು ನಿಂತರು. ಉದ್ದನೆಯ ತೊಲೆಯ ಒಂದು ತುದಿಗೆ ಕವಣೆ ಕಟ್ಟಿ, ಮತ್ತೊಂದು ತುದಿಯ ಹಗ್ಗಗಳನ್ನು ಅನೇಕ ಜನ ಒಮ್ಮೆಲೇ ಜಗ್ಗಿ ಕಲ್ಲನ್ನು ಹಾರಿಸುವ ಯಂತ್ರವದು. ಎದುರು ದಡದಲ್ಲಿ ಪರ್ಷಿಯದ ಸೈನ್ಯವೂ ಕಾದಿತ್ತು. ಚಕ್ರವರ್ತಿ ಹೆರಾಕ್ಲಿಯಸನು ದೂರದ ರಣರಂಗದಲ್ಲಿದ್ದನು. ಮಹಾಧರ್ಮಾಧ್ಯಕ್ಷರಾದ ಸೆರ್ಗಿಯಸರು ಪವಿತ್ರ ಚಿತ್ರಪಟವನ್ನು ಹಿಡಿದು ಗೋಡೆಗಳ ಮೇಲೆ ಮೆರವಣಿಗೆ ನಡೆಸಿ ಜನರಿಗೆ ಧೈರ್ಯ ತುಂಬಿದರು. ಅವಾರರು ಸೋತು ಹಿಂದಿರುಗಿದರು. ಪಟ್ಟಣದ ಜನ ಈ ಗೆಲುವನ್ನು ದೇವಮಾತೆಯ ಕೃಪೆಯೆಂದೇ ನಂಬಿದರು. ಪೂರ್ವದ ಕ್ರೈಸ್ತರು ನಿಂತುಕೊಂಡೇ ಹಾಡುವ 'ಅಕಾಥಿಸ್ಟ್' ಎಂಬ ಮರಿಯಮ್ಮನವರ ಸ್ತುತಿಗೀತೆಯನ್ನು ಈ ಬಿಡುಗಡೆಯ ನೆನಪಿನೊಡನೆ ಅವರ ಸಂಪ್ರದಾಯ ಇಂದಿಗೂ ಜೋಡಿಸುತ್ತದೆ.

ಏಳನೆಯ ಶತಮಾನದ ಉತ್ತರಾರ್ಧದಲ್ಲಿ ಅರಬರ ನೌಕಾದಳ ಪಟ್ಟಣದತ್ತ ಬಂದಿತು. ಆಗ ಬಳಕೆಗೆ ಬಂದುದೇ 'ಗ್ರೀಕ್ ಬೆಂಕಿ' ಎಂದು ಪ್ರಸಿದ್ಧವಾದ ಅಸ್ತ್ರ. ಸಿರಿಯಾ ನಾಡಿನಿಂದ ಓಡಿಬಂದಿದ್ದ ಕಲ್ಲಿನಿಕಸ್ ಎಂಬ ಶಿಲ್ಪಿ ಇದನ್ನು ತಂದುಕೊಟ್ಟನೆಂದು ಚರಿತ್ರಕಾರರು ಬರೆದಿದ್ದಾರೆ. ನೆಲದಿಂದ ಒಸರುವ ಕಲ್ಲೆಣ್ಣೆಯೇ ಅದರ ಮುಖ್ಯ ದ್ರವ್ಯವಾಗಿತ್ತೆಂದು ವಿದ್ವಾಂಸರ ಅಭಿಪ್ರಾಯ. ಆ ದ್ರವವನ್ನು ಕಾಯಿಸಿ, ಒತ್ತಡದಿಂದ ಕೊಳವೆಯ ಮೂಲಕ ಚಿಮ್ಮಿಸಿ ಶತ್ರುವಿನ ಹಡಗುಗಳ ಮೇಲೆ ಸುರಿಯುತ್ತಿದ್ದರು. ಅದು ನೀರಿನ ಮೇಲೂ ಉರಿಯುತ್ತಿತ್ತು. ಅದರ ಪಾಕವನ್ನು ಎಷ್ಟು ಗುಟ್ಟಾಗಿ ಇಟ್ಟರೆಂದರೆ ಕೊನೆಗೆ ಅವರಿಗೂ ಅದು ಮರೆತುಹೋಯಿತು. ಇಂದಿಗೂ ಅದರ ನಿಖರವಾದ ಪಾಕ ಯಾರಿಗೂ ತಿಳಿದಿಲ್ಲ. ೭೧೭-೧೮ರಲ್ಲಿ ಹದಿಮೂರು ತಿಂಗಳು ನಡೆದ ಅರಬರ ಮಹಾಮುತ್ತಿಗೆಯನ್ನು ಗೋಡೆ, ಬೆಂಕಿ, ಹಿಮ ಬಿದ್ದ ಚಳಿಗಾಲ, ಇವೆಲ್ಲ ಸೇರಿ ಮುರಿದವು.

ಹೀಗೆ ಹೂಣರ ಕಾಲದಿಂದ ಎಂಟು ಶತಮಾನಗಳ ಕಾಲ ಪರಕೀಯ ಶತ್ರು ಯಾರೂ ಬಲಪ್ರಯೋಗದಿಂದ ಆ ಪಟ್ಟಣವನ್ನು ಗೆಲ್ಲಲಿಲ್ಲ. ಹಾಗಾದರೆ ಮೊದಲು ಗೆದ್ದವರು ಯಾರು?

ಶಿಲುಬೆ ತೊಟ್ಟವರ ಲಗ್ಗೆ

ಉತ್ತರ ಕೊಡುವುದಕ್ಕೆ ನಮ್ಮ ನಾಲಗೆ ಹಿಂಜರಿಯುತ್ತದೆ. ಮೊದಲು ಗೆದ್ದವರು ಪಶ್ಚಿಮದ ಕ್ರೈಸ್ತರು. ರೋಮಿನ ಧರ್ಮಸಭೆಗೆ ಸೇರಿದವರು. ಎದೆಯ ಮೇಲೆ ಶಿಲುಬೆಯನ್ನು ಹೊಲಿಸಿಕೊಂಡು ಪವಿತ್ರ ನಾಡಿಗೆಂದು ಹೊರಟವರು.

ಪೂರ್ವ ಮತ್ತು ಪಶ್ಚಿಮ ಧರ್ಮಸಭೆಗಳ ನಡುವೆ ಭಾಷೆ, ಆಚರಣೆ, ಅಧಿಕಾರ ಮತ್ತು ವಿಶ್ವಾಸದ ಕೆಲವು ಸೂಕ್ಷ್ಮಗಳಿಗಾಗಿ ಬಹುಕಾಲದಿಂದ ಮನಸ್ತಾಪವಿತ್ತು. ೧೦೫೪ರ ಜುಲೈ ೧೬ರಂದು ರೋಮಿನ ಪ್ರತಿನಿಧಿಯಾಗಿ ಬಂದಿದ್ದ ಕಾರ್ಡಿನಲ್ ಹುಂಬರ್ಟರು ಹಾಗಿಯಾ ಸೋಫಿಯಾ ಮಹಾದೇವಾಲಯದ ಬಲಿಪೀಠದ ಮೇಲೆ ಬಹಿಷ್ಕಾರ ಪತ್ರವನ್ನಿಟ್ಟು ಹೊರನಡೆದರು. ಪೂರ್ವದವರೂ ಪ್ರತಿಯಾಗಿ ಬಹಿಷ್ಕಾರ ಹಾಕಿದರು. ೧೧೮೨ರಲ್ಲಿ ಕಾನ್‌ಸ್ಟಾಂಟಿನೋಪಲ್ ನಿವಾಸಿಗಳು ತಮ್ಮ ನಡುವೆ ವ್ಯಾಪಾರಕ್ಕಾಗಿ ನೆಲೆಸಿದ್ದ ಸಾವಿರಾರು ಲ್ಯಾಟಿನ್ ಕ್ರೈಸ್ತರನ್ನು ಕೊಂದುಹಾಕಿದರು. ತಪ್ಪು ಒಂದೇ ಕಡೆಯದಾಗಿರಲಿಲ್ಲ ಎನ್ನುವುದನ್ನೂ ಹೇಳಬೇಕು.

ಜಗದ್ಗುರು ಮೂರನೆಯ ಇನ್ನೊಸೆಂಟರು ೧೧೯೮ರಲ್ಲಿ ನಾಲ್ಕನೆಯ ಶಿಲುಬೆ ಯುದ್ಧಕ್ಕೆ ಕರೆ ಕೊಟ್ಟರು. ೩೩,೫೦೦ ಜನರನ್ನು ಸಾಗಿಸಲು ವೆನಿಸ್ ಪಟ್ಟಣದವರು ೮೫,೦೦೦ ಬೆಳ್ಳಿ ಮಾರ್ಕುಗಳಿಗೆ ಹಡಗುಗಳನ್ನು ಕಟ್ಟಿಕೊಡಲು ಒಪ್ಪಿದರು. ಆದರೆ ಬಂದು ಸೇರಿದವರು ಅದರ ಮೂರನೆಯ ಒಂದು ಪಾಲಿನಷ್ಟು ಜನ ಮಾತ್ರ. ಹಣ ಸಾಲದಾಯಿತು. ಸಾಲದಲ್ಲಿ ಸಿಕ್ಕಿಕೊಂಡ ಸೈನ್ಯ ಸಾಲಿಗನು ಹೇಳಿದ ಕಡೆಗೆ ನಡೆಯಬೇಕಾಯಿತು. ೧೨೦೨ರಲ್ಲಿ ಅವರು ಮೊದಲು ಸೂರೆ ಮಾಡಿದ್ದು ಜಾರಾ ಎಂಬ ಕ್ರೈಸ್ತ ಪಟ್ಟಣವನ್ನೇ. ಜಗದ್ಗುರುಗಳು ಬೇಡವೆಂದಿದ್ದರು, ಮೀರಿದವರಿಗೆ ಬಹಿಷ್ಕಾರವನ್ನೂ ವಿಧಿಸಿದರು. ಅಷ್ಟರಲ್ಲಿ ಕಾನ್‌ಸ್ಟಾಂಟಿನೋಪಲಿನ ರಾಜಕುಮಾರನೊಬ್ಬನು ತನ್ನ ತಂದೆಗೆ ಸಿಂಹಾಸನವನ್ನು ಮರಳಿ ಕೊಡಿಸಿದರೆ ಎರಡು ಲಕ್ಷ ಮಾರ್ಕುಗಳನ್ನು ಕೊಡುವೆನೆಂದು ಆಸೆ ತೋರಿಸಿದನು. ಹಡಗುಗಳು ಅತ್ತ ತಿರುಗಿದವು. ಸಿಂಹಾಸನ ಸಿಕ್ಕಿತು, ಹೇಳಿದ ಹಣ ಸಿಗಲಿಲ್ಲ. ಅರಮನೆಯಲ್ಲಿ ದಂಗೆಯೆದ್ದು ಆ ರಾಜಕುಮಾರನೇ ಕೊಲೆಯಾದನು.

ವೆನಿಸಿನ ಅಧಿಪತಿ ಡಾಂಡೊಲೊ ವೃದ್ಧನೂ ಅಂಧನೂ ಆಗಿದ್ದನು. ಆದರೆ ಯುದ್ಧವಿದ್ಯೆಯಲ್ಲಿ ಅವನಿಗಿಂತ ಚೆನ್ನಾಗಿ ಕಂಡವರು ಕಡಿಮೆ. ಪಶ್ಚಿಮದ ಮುಮ್ಮಡಿ ರಕ್ಷಣೆಯನ್ನು ಮುರಿಯಲಾಗದೆಂದು ಅರಿತು, ಕೊಲ್ಲಿಯ ಕಡೆಗಿದ್ದ ಒಂಟಿ ಗೋಡೆಯನ್ನು ಆರಿಸಿಕೊಂಡರು. ಹಡಗುಗಳನ್ನು ಎರಡೆರಡಾಗಿ ಜೋಡಿಸಿ ಕಟ್ಟಿ, ಹಾಯಿಕಂಬಗಳ ಮೇಲಿನಿಂದ ತೂಗುಸೇತುವೆಗಳನ್ನು ಚಾಚಿ ನೇರವಾಗಿ ಬುರುಜುಗಳ ಮೇಲಕ್ಕೆ ದಾಟಿದರು. ೧೨೦೪ರ ಏಪ್ರಿಲ್ ೧೨ರಂದು ಪಟ್ಟಣದೊಳಗೆ ನುಗ್ಗಿದರು.

ಮೂರು ದಿನ ಸೂರೆ ನಡೆಯಿತು. ಮನೆಗಳು, ಮಠಗಳು, ದೇವಾಲಯಗಳು ಯಾವುವೂ ಉಳಿಯಲಿಲ್ಲ. ಹಾಗಿಯಾ ಸೋಫಿಯಾದಲ್ಲಿ ಬೆಳ್ಳಿ ಬಂಗಾರಗಳನ್ನು ಹೊರಲು ಹೇಸರಗತ್ತೆಗಳನ್ನು ಬಲಿಪೀಠದ ಬಳಿಗೇ ತಂದರೆಂದೂ, ಒಬ್ಬ ವೇಶ್ಯೆಯನ್ನು ಮಹಾಧರ್ಮಾಧ್ಯಕ್ಷರ ಪೀಠದ ಮೇಲೆ ಕೂರಿಸಿದರೆಂದೂ ಕಣ್ಣಾರೆ ಕಂಡ ನಿಕೇಟಸ್ ಎಂಬ ಚರಿತ್ರಕಾರ ದುಃಖದಿಂದ ಬರೆದಿಟ್ಟಿದ್ದಾನೆ. ಅಲ್ಲಿಂದ ಹೊತ್ತು ತಂದ ನಾಲ್ಕು ಲೋಹದ ಕುದುರೆಗಳು ಇಂದಿಗೂ ವೆನಿಸಿನ ಸಂತ ಮಾರ್ಕರ ದೇವಾಲಯದಲ್ಲಿವೆ. ಪಟ್ಟಣ ವಶವಾದ ಸುದ್ದಿ ಕೇಳಿ ಮೊದಲು ಸಂತೋಷಪಟ್ಟ ಇನ್ನೊಸೆಂಟರು, ನಡೆದ ಅನಾಚಾರಗಳ ವಿವರ ತಿಳಿದಾಗ ತಮ್ಮ ಪ್ರತಿನಿಧಿಗೆ ಕಟುವಾದ ಪತ್ರ ಬರೆದರು. ಕ್ರಿಸ್ತರಿಗಾಗಿ ಎತ್ತಿದ ಕತ್ತಿ ಕ್ರೈಸ್ತರ ರಕ್ತದಲ್ಲಿ ತೊಯ್ದ ಮೇಲೆ ಪೂರ್ವದವರು ರೋಮಿನ ಕಡೆಗೆ ಹೇಗೆ ತಾನೇ ತಿರುಗಿ ನೋಡಿಯಾರು ಎಂಬುದೇ ಆ ಪತ್ರದ ಸಾರ. ಅವರ ಆತಂಕ ನಿಜವಾಯಿತು.

೧೨೬೧ರಲ್ಲಿ ಗ್ರೀಕರು ಪಟ್ಟಣವನ್ನು ಮರಳಿ ಪಡೆದರು. ಆದರೆ ಹಳೆಯ ಐಶ್ವರ್ಯ ಮರಳಲಿಲ್ಲ. ಒಂದು ಕಾಲಕ್ಕೆ ನಾಲ್ಕು ಲಕ್ಷದಷ್ಟು ಜನರಿದ್ದ ಪಟ್ಟಣದಲ್ಲಿ ೧೪೫೩ರ ವೇಳೆಗೆ ಐವತ್ತು ಸಾವಿರ ಜನರಿದ್ದರೆ ಹೆಚ್ಚು. ಗೋಡೆಯ ಒಳಗೆ ಹೊಲ, ತೋಟ, ಹಾಳುಮನೆಗಳು. ಗೋಡೆ ಮಾತ್ರ ಹಾಗೆಯೇ ನಿಂತಿತ್ತು.

ಎರಕದವನ ಬೆಲೆ

ಈ ನಡುವೆ ಯುದ್ಧದ ಸ್ವರೂಪವೇ ಬದಲಾಗಿತ್ತು. ಚೀನಾ ದೇಶದಲ್ಲಿ ಒಂಬತ್ತನೆಯ ಶತಮಾನದ ಹೊತ್ತಿಗೆ ತಿಳಿದಿದ್ದ ಕರಿಮದ್ದು, ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣವು ಹದಿಮೂರನೆಯ ಶತಮಾನದಲ್ಲಿ ಯೂರೋಪನ್ನು ಮುಟ್ಟಿತ್ತು. ೧೩೨೬ರ ಒಂದು ಇಂಗ್ಲಿಷ್ ಹಸ್ತಪ್ರತಿಯಲ್ಲಿ ಹೂಜಿಯಾಕಾರದ ಫಿರಂಗಿಯ ಚಿತ್ರವಿದೆ. ಆರಂಭದ ಫಿರಂಗಿಗಳು ಸದ್ದಿನಿಂದ ಹೆದರಿಸುತ್ತಿದ್ದುವೇ ಹೊರತು ಗೋಡೆಗಳನ್ನು ಕೆಡಹುತ್ತಿರಲಿಲ್ಲ. ೧೪೨೨ರಲ್ಲಿ ಆಟೋಮನ್ ಸುಲ್ತಾನ ಎರಡನೆಯ ಮುರಾದನು ಫಿರಂಗಿಗಳೊಡನೆ ಕಾನ್‌ಸ್ಟಾಂಟಿನೋಪಲನ್ನು ಮುತ್ತಿದರೂ ಗೋಡೆ ಜಗ್ಗಲಿಲ್ಲ.

ಮುರಾದನ ಮಗ ಎರಡನೆಯ ಮೆಹಮದನಿಗೆ ೧೪೫೩ರಲ್ಲಿ ಇಪ್ಪತ್ತೊಂದು ವರ್ಷ. ಹಿಂದಿನ ವರ್ಷವೇ ಅವನು ಬಾಸ್ಫರಸ್ ಜಲಸಂಧಿಯ ದಡದಲ್ಲಿ ನಾಲ್ಕೈದು ತಿಂಗಳೊಳಗಾಗಿ ಒಂದು ಕೋಟೆಯನ್ನೆಬ್ಬಿಸಿ, ಅಲ್ಲಿ ಫಿರಂಗಿಗಳನ್ನು ನಿಲ್ಲಿಸಿ, ಪಟ್ಟಣಕ್ಕೆ ಧಾನ್ಯ ಬರುವ ದಾರಿಯನ್ನು ಬಿಗಿದಿದ್ದನು. ಆ ದಿನಗಳಲ್ಲಿ ಓರ್ಬನ್ ಎಂಬ ಎರಕದವನು ಮೊದಲು ಕಾನ್‌ಸ್ಟಾಂಟಿನೋಪಲಿಗೇ ಬಂದಿದ್ದನು. ಅವನು ಹಂಗೇರಿ ದೇಶದ ಕ್ರೈಸ್ತ. ಚಕ್ರವರ್ತಿ ಹನ್ನೊಂದನೆಯ ಕಾನ್‌ಸ್ಟಂಟೈನನ ಬೊಕ್ಕಸ ಬರಿದಾಗಿತ್ತು; ಕೇಳಿದ ಸಂಬಳವಿರಲಿ, ಒಪ್ಪಿದಷ್ಟನ್ನೂ ಸರಿಯಾಗಿ ಕೊಡಲಾಗಲಿಲ್ಲ. ಓರ್ಬನನು ಸುಲ್ತಾನನ ಬಳಿಗೆ ಹೋದನು. ಸುಲ್ತಾನನು ಅವನು ಕೇಳಿದುದಕ್ಕಿಂತ ಹೆಚ್ಚು ಕೊಟ್ಟನು. ಬಾಬಿಲೋನಿನ ಗೋಡೆಗಳನ್ನಾದರೂ ಪುಡಿಮಾಡಬಲ್ಲ ಫಿರಂಗಿಯನ್ನು ಎರೆದುಕೊಡುವೆನೆಂದು ಓರ್ಬನನು ಮಾತುಕೊಟ್ಟನೆಂದು ಹೇಳುತ್ತಾರೆ.

ಎದಿರ್ನೆ ಪಟ್ಟಣದಲ್ಲಿ ಮೂರು ತಿಂಗಳಲ್ಲಿ ಆ ಕಂಚಿನ ಫಿರಂಗಿ ಸಿದ್ಧವಾಯಿತು. ಉದ್ದ ಸುಮಾರು ಇಪ್ಪತ್ತೇಳು ಅಡಿ. ಅದು ಎಸೆಯುತ್ತಿದ್ದ ಕಲ್ಲುಗುಂಡಿನ ತೂಕ ಐದು ಕ್ವಿಂಟಲಿಗೂ ಹೆಚ್ಚು. ಅದನ್ನು ಕಾನ್‌ಸ್ಟಾಂಟಿನೋಪಲಿಗೆ ಸಾಗಿಸಲು ಅರವತ್ತು ಎತ್ತುಗಳನ್ನು ಕಟ್ಟಿದರು. ಉರುಳದಂತೆ ಇಬ್ಬದಿಗಳಲ್ಲಿ ಜನ ಹಿಡಿದು ನಡೆದರು. ದಾರಿಯನ್ನೂ ಸೇತುವೆಗಳನ್ನೂ ಸರಿಪಡಿಸುವವರು ಮುಂದೆ ಮುಂದೆ ಹೋದರು. ಸುಮಾರು ನೂರ ನಲವತ್ತು ಮೈಲಿ ದಾರಿಗೆ ಎರಡು ತಿಂಗಳು ಹಿಡಿಯಿತು.

ಐವತ್ತಮೂರು ದಿನಗಳು

ಏಪ್ರಿಲ್ ಮೊದಲ ವಾರದಲ್ಲಿ ಮುತ್ತಿಗೆ ಆರಂಭವಾಯಿತು. ಸುಲ್ತಾನನ ಸೈನ್ಯ ಅರವತ್ತರಿಂದ ಎಂಬತ್ತು ಸಾವಿರ. ಒಳಗೆ ಆಯುಧ ಹಿಡಿಯಬಲ್ಲ ಗ್ರೀಕರೆಷ್ಟು ಮಂದಿಯೆಂದು ಚಕ್ರವರ್ತಿಯು ತನ್ನ ಆಪ್ತನಾದ ಸ್ಫ್ರಾಂಟ್‌ಜೆಸನಿಂದ ಎಣಿಕೆ ಮಾಡಿಸಿದನು. ೪,೭೭೩ ಎಂದು ತಿಳಿದಾಗ ಆ ಸಂಖ್ಯೆಯನ್ನು ಗುಟ್ಟಾಗಿಡಲು ಆಜ್ಞಾಪಿಸಿದನು. ಪರದೇಶೀಯರನ್ನು ಸೇರಿಸಿದರೂ ಒಟ್ಟು ಏಳು ಸಾವಿರದ ಆಸುಪಾಸು. ನಾಲ್ಕು ಮೈಲಿ ನೆಲಗೋಡೆ, ಅದಕ್ಕಿಂತ ಉದ್ದದ ಕಡಲಗೋಡೆ. ಕಾಯುವವರು ಏಳು ಸಾವಿರ!

ಆ ಏಳು ಸಾವಿರದಲ್ಲಿ ನಮ್ಮ ಪಶ್ಚಿಮದ ಧರ್ಮಸಭೆಯವರೂ ಇದ್ದರೆಂಬುದು ಸಮಾಧಾನದ ಸಂಗತಿ. ಜಿನೋವಾದ ಜಿಯೊವಾನ್ನಿ ಜುಸ್ತಿನಿಯಾನಿ ಎಂಬ ವೀರನು ಏಳುನೂರು ಜನರೊಡನೆ ತಾನಾಗಿಯೇ ಬಂದನು. ಅಲ್ಲಿ ವ್ಯಾಪಾರಕ್ಕಿದ್ದ ವೆನಿಸಿನವರೂ ಉಳಿದು ಹೋರಾಡಿದರು. ಜಗದ್ಗುರು ಐದನೆಯ ನಿಕೊಲಾಸರು ಕಳುಹಿಸಿದ ಮೂರು ಹಡಗುಗಳು ಏಪ್ರಿಲ್ ೨೦ರಂದು ತುರ್ಕರ ನೌಕಾದಳವನ್ನು ಭೇದಿಸಿಕೊಂಡು ಒಳಸೇರಿದವು. ಆದರೆ ಪಶ್ಚಿಮದ ರಾಜರು ಯಾರೂ ಸೈನ್ಯ ಕಳುಹಿಸಲಿಲ್ಲ. ವೆನಿಸಿನ ದೊಡ್ಡ ನೌಕಾದಳ ಸಮಯಕ್ಕೆ ಬರಲಿಲ್ಲ.

ದೊಡ್ಡ ಫಿರಂಗಿ ದಿನಕ್ಕೆ ಏಳು ಬಾರಿಗಿಂತ ಹೆಚ್ಚು ಹಾರುತ್ತಿರಲಿಲ್ಲ. ಕಾದ ಕೊಳವೆ ತಣಿಯಬೇಕು, ಮತ್ತೆ ಮದ್ದು ತುಂಬಬೇಕು. ಅದಕ್ಕೇ ಗಂಟೆಗಳು ಕಳೆಯುತ್ತಿದ್ದವು. ಆದರೆ ಅದರ ಜೊತೆಗೆ ಸಣ್ಣ ದೊಡ್ಡ ಫಿರಂಗಿಗಳು ಅನೇಕವಿದ್ದವು. ಒಂದೇ ಜಾಗಕ್ಕೆ ಹೊಡೆಯದೆ, ಮೂರು ಕಡೆ ತ್ರಿಕೋನವಾಗಿ ಹೊಡೆದರೆ ನಡುವಿನ ಗೋಡೆ ತಾನೇ ಕುಸಿಯುವುದೆಂಬ ಉಪಾಯವನ್ನು ತುರ್ಕರಿಗೆ ಹೇಳಿಕೊಟ್ಟವನು ಹಂಗೇರಿಯಿಂದ ಬಂದಿದ್ದ ಕ್ರೈಸ್ತ ರಾಯಭಾರಿಯೆಂದು ದೂಕಾಸ್ ಎಂಬ ಚರಿತ್ರಕಾರ ಬರೆದಿದ್ದಾನೆ.

ಹಗಲು ಬಿದ್ದ ಗೋಡೆಯನ್ನು ಜನ ರಾತ್ರಿ ಕಟ್ಟುತ್ತಿದ್ದರು. ಹೆಂಗಸರು, ಮಕ್ಕಳು, ಸನ್ಯಾಸಿಗಳು ಎಲ್ಲರೂ ಮಣ್ಣು ಹೊತ್ತರು. ಕಲ್ಲಿಗೆ ಬದಲಾಗಿ ಮರದ ತೊಲೆ, ಕೊಂಬೆ, ಮಣ್ಣು ತುಂಬಿದ ಪೀಪಾಯಿಗಳನ್ನು ಒಟ್ಟಿ ದಿಣ್ಣೆ ಮಾಡಿದರು. ಇಲ್ಲಿ ಒಂದು ವಿಚಿತ್ರ ಕಂಡುಬಂದಿತು. ಗಟ್ಟಿಯಾದ ಕಲ್ಲುಗೋಡೆ ಗುಂಡಿನ ಪೆಟ್ಟಿಗೆ ಸಿಡಿದು ಬೀಳುತ್ತಿತ್ತು. ಮೆತ್ತನೆಯ ಮಣ್ಣಿನ ದಿಣ್ಣೆ ಗುಂಡನ್ನು ತನ್ನೊಳಗೆ ನುಂಗಿಕೊಂಡು ನಿಲ್ಲುತ್ತಿತ್ತು. ಮುಂದಿನ ಕಾಲದ ಕೋಟೆಗಳೆಲ್ಲ ಕಲಿತ ಪಾಠ ಇದೇ.

ಕೊಲ್ಲಿಯ ಬಾಯಿಗೆ ಅಡ್ಡಲಾಗಿ ದಪ್ಪ ಕಬ್ಬಿಣದ ಸರಪಳಿಯನ್ನು ಬಿಗಿದಿದ್ದುದರಿಂದ ತುರ್ಕರ ಹಡಗುಗಳು ಒಳಗೆ ಬರುವಂತಿರಲಿಲ್ಲ. ಏಪ್ರಿಲ್ ೨೨ರಂದು ಸುಲ್ತಾನನು ಸುಮಾರು ಎಪ್ಪತ್ತು ಹಡಗುಗಳನ್ನು ಕೊಬ್ಬು ಸವರಿದ ಮರದ ದಿಮ್ಮಿಗಳ ಮೇಲೆ ಎಳೆಸಿ, ಗುಡ್ಡವನ್ನು ಹತ್ತಿಸಿ ಇಳಿಸಿ ಕೊಲ್ಲಿಯೊಳಕ್ಕೆ ಬಿಟ್ಟನು. ಇತ್ತ ಸರ್ಬಿಯಾದ ಬೆಳ್ಳಿ ಗಣಿಗಳ ಕೆಲಸಗಾರರು ಗೋಡೆಯ ಬುಡಕ್ಕೆ ಸುರಂಗ ತೋಡಿದರು. ಜೊಹಾನೆಸ್ ಗ್ರಾಂಟ್ ಎಂಬ ಶಿಲ್ಪಿಯ ಮಾರ್ಗದರ್ಶನದಲ್ಲಿ ಒಳಗಿನವರು ಎದುರು ಸುರಂಗಗಳನ್ನು ತೋಡಿ, ಹೊಗೆ ಹಾಕಿ, ಬೆಂಕಿಯಿಟ್ಟು ಅವನ್ನೆಲ್ಲ ನಾಶಮಾಡಿದರು.

ಕೊನೆಯ ಬಲಿಪೂಜೆ

ಪಟ್ಟಣದೊಳಗೆ ಮತ್ತೊಂದು ಬಿರುಕು ಇತ್ತು. ೧೪೩೯ರಲ್ಲಿ ಫ್ಲಾರೆನ್ಸಿನಲ್ಲಿ ನಡೆದ ಧರ್ಮಸಭೆಯ ಮಹಾಸಮ್ಮೇಳನದಲ್ಲಿ ಪೂರ್ವ-ಪಶ್ಚಿಮಗಳ ಐಕ್ಯಕ್ಕೆ ಸಹಿ ಬಿದ್ದಿತ್ತು. ಸಹಿ ಕಾಗದದ ಮೇಲೆ ಬಿದ್ದಿತೇ ಹೊರತು ಜನರ ಮನಸ್ಸಿನ ಮೇಲಲ್ಲ. ೧೪೫೨ರ ಡಿಸೆಂಬರ್ ೧೨ರಂದು ಕಾರ್ಡಿನಲ್ ಇಸಿಡೋರರು ಹಾಗಿಯಾ ಸೋಫಿಯಾದಲ್ಲಿ ಐಕ್ಯವನ್ನು ಘೋಷಿಸಿ ಪೂಜೆ ಅರ್ಪಿಸಿದಾಗ, ಅಂದಿನಿಂದ ಬಹುಪಾಲು ಜನ ಆ ಮಹಾದೇವಾಲಯದ ಹೊಸ್ತಿಲನ್ನೇ ತುಳಿಯಲಿಲ್ಲ. ೧೨೦೪ರ ಗಾಯ ಎರಡೂವರೆ ಶತಮಾನಗಳಾದರೂ ಮಾಯ್ದಿರಲಿಲ್ಲ.

ಮೇ ೨೮ರ ಸಂಜೆ ಮಾತ್ರ ಬೇರೆಯಾಗಿತ್ತು. ಮರುದಿನ ಕೊನೆಯ ಲಗ್ಗೆಯೆಂದು ಎಲ್ಲರಿಗೂ ತಿಳಿದಿತ್ತು. ಅಂದು ಪವಿತ್ರ ಚಿತ್ರಪಟಗಳ ಮೆರವಣಿಗೆ ಬೀದಿಗಳಲ್ಲಿ ಸಾಗಿತು. ಸಂಜೆ ಗ್ರೀಕರೂ ಲ್ಯಾಟಿನರೂ ಒಂದಾಗಿ ಹಾಗಿಯಾ ಸೋಫಿಯಾದಲ್ಲಿ ನೆರೆದರು. ಐಕ್ಯವನ್ನು ಒಪ್ಪಿದವರೂ ಒಪ್ಪದವರೂ ಒಂದೇ ಸೂರಿನಡಿಯಲ್ಲಿ ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಿದರು ಎಂದು ಚರಿತ್ರಕಾರರು ವರ್ಣಿಸಿದ್ದಾರೆ. ಚಕ್ರವರ್ತಿಯು ಎಲ್ಲರ ಕ್ಷಮೆ ಬೇಡಿ ಗೋಡೆಯ ಕಡೆಗೆ ಹೊರಟನು. ಕಾಗದದಿಂದ ಆಗದ ಐಕ್ಯ ಸಾವಿನ ನೆರಳಿನಲ್ಲಿ ಆಯಿತು. ಆದರೆ ಅದು ಒಂದೇ ರಾತ್ರಿಯ ಐಕ್ಯ.

ಮೇ ೨೯ರ ನಸುಕಿಗೆ ಮುಂಚೆಯೇ ಲಗ್ಗೆ ಆರಂಭವಾಯಿತು. ಎರಡು ಅಲೆಗಳನ್ನು ಒಳಗಿನವರು ಹಿಮ್ಮೆಟ್ಟಿಸಿದರು. ಮೂರನೆಯದಾಗಿ ಸುಲ್ತಾನನ ಸುಶಿಕ್ಷಿತ ಜಾನಿಸರಿ ಪಡೆ ಬಂದಿತು. ಆ ಗಳಿಗೆಯಲ್ಲಿ ಜುಸ್ತಿನಿಯಾನಿಗೆ ಗುರುತರವಾದ ಗಾಯವಾಯಿತು. ಅವನನ್ನು ಹೊತ್ತು ಒಯ್ಯುವುದನ್ನು ಕಂಡು ಅವನ ಜನ ಎದೆಗುಂದಿದರು. ಯಾರೋ ಮುಚ್ಚಲು ಮರೆತ ಒಂದು ದಿಡ್ಡಿ ಬಾಗಿಲಿನಿಂದ ತುರ್ಕರು ಒಳನುಗ್ಗಿದರೆಂದೂ ದೂಕಾಸನು ಬರೆದಿದ್ದಾನೆ. ನಮ್ಮ ಚಿತ್ರದುರ್ಗದ ಒನಕೆ ಓಬವ್ವನ ಕಥೆ ಕೇಳಿದವರಿಗೆ, ಏಳು ಸುತ್ತಿನ ಕೋಟೆಗೂ ಒಂದು ಕಿಂಡಿಯೇ ಮೃತ್ಯುವಾಗಬಲ್ಲದೆಂಬುದು ತಿಳಿದ ವಿಷಯ. ಅಲ್ಲಿ ಕಿಂಡಿಯ ಬಳಿ ಓಬವ್ವನಿದ್ದಳು. ಇಲ್ಲಿ ಯಾರೂ ಇರಲಿಲ್ಲ. ಚಕ್ರವರ್ತಿಯು ಗೋಡೆಯ ಬಳಿಯೇ ಹೋರಾಡುತ್ತ ಮಡಿದನು. ಅಂ‌ದೂ ಸೂರೆ ನಡೆಯಿತು. ದೇವಾಲಯಗಳಲ್ಲಿ ಆಶ್ರಯ ಪಡೆದವರು ಸೆರೆಯಾದರು.

೧೨೦೪ರಲ್ಲಿ ಶಿಲುಬೆ ಹೊತ್ತವರು ಮೂರು ದಿನ ಸೂರೆ ಮಾಡಿದ್ದನ್ನು ಬಲ್ಲ ನಾವು, ೧೪೫೩ರ ಸೂರೆಯನ್ನು ತೋರಿಸಿ ಮತ್ತೊಂದು ಧರ್ಮದವರನ್ನು ಮಾತ್ರ ದೂರುವಂತಿಲ್ಲ. ಕತ್ತಿಯ ಪಾಪ ಎಲ್ಲ ಜನಾಂಗಗಳ ಪಾಪ.

ಆಯುಧವಿದ್ಯೆ ಕಲಿತ ಪಾಠ

ಆ ದಿನದಿಂದ ಎತ್ತರವಾದ ಕಲ್ಲುಗೋಡೆಯ ಯುಗ ಮುಗಿಯತೊಡಗಿತು. ೧೪೯೪ರಲ್ಲಿ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸನು ಗಾಲಿಗಳ ಮೇಲೆ ಉರುಳುವ ಹಗುರವಾದ ಕಂಚಿನ ಫಿರಂಗಿಗಳೊಡನೆ ಇಟಲಿಗೆ ಇಳಿದಾಗ ಹಳೆಯ ಕೋಟೆಗಳು ಒಂದೊಂದಾಗಿ ಶರಣಾದವು. ಆಗ ಇಟಲಿಯ ಶಿಲ್ಪಿಗಳು ಗೋಡೆಯನ್ನು ತಗ್ಗಿಸಿ, ದಪ್ಪ ಮಾಡಿ, ಹಿಂದೆ ಮಣ್ಣು ತುಂಬಿ, ನಕ್ಷತ್ರದಂತೆ ಮೂಲೆಗಳನ್ನು ಹೊರಚಾಚಿ ಹೊಸ ಬಗೆಯ ಕೋಟೆಯನ್ನು ರೂಪಿಸಿದರು.

ಫಿರಂಗಿ ಎರೆಯುವ ತುರ್ಕರ ವಿದ್ಯೆ ನಮ್ಮ ದಖ್ಖನಿಗೂ ಬಂದಿತು. ವಿಜಯಪುರದ (ಬಿಜಾಪುರದ) ಬುರುಜಿನ ಮೇಲೆ ಇಂದಿಗೂ ಮಲಗಿರುವ 'ಮಲಿಕ್-ಎ-ಮೈದಾನ್' ಫಿರಂಗಿಯನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಹದಿನಾಲ್ಕು ಅಡಿ ಉದ್ದ, ಸುಮಾರು ಐವತ್ತೈದು ಟನ್ ತೂಕದ ಈ ಫಿರಂಗಿಯನ್ನು ೧೫೪೯ರಲ್ಲಿ ಅಹಮದ್‌ನಗರದಲ್ಲಿ ಎರೆದವನು ಮಹಮ್ಮದ್ ರೂಮಿ ಎಂಬ ತುರ್ಕಿ. 'ರೂಮಿ' ಎಂದರೆ 'ರೂಮ್' ದೇಶದವನು. ರೂಮ್ ಎಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಹಳೆಯ ನಾಡು. ಕಾನ್‌ಸ್ಟಾಂಟಿನೋಪಲಿನ ಕಥೆಯ ಒಂದು ಎಳೆ ನಮ್ಮ ನೆಲದವರೆಗೂ ಹೀಗೆ ಹರಿದು ಬಂದಿದೆ.

ಗೋಡೆಯನ್ನು ಕೆಡವಿದವರು ಯಾರು?

ಓರ್ಬನನ ಫಿರಂಗಿಯೇ ಕಾನ್‌ಸ್ಟಾಂಟಿನೋಪಲನ್ನು ಕೆಡವಿತೆಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ಅದು ಅರ್ಧಸತ್ಯ. ಗೋಡೆಯನ್ನು ಒಡೆದದ್ದು ಫಿರಂಗಿಯೇ ಸರಿ. ಆದರೆ ಒಡೆದ ಗೋಡೆಯನ್ನು ೪೪೭ರಲ್ಲಿ ಹದಿನಾರು ಸಾವಿರ ಜನ ಅರವತ್ತು ದಿನಗಳಲ್ಲಿ ಮತ್ತೆ ಕಟ್ಟಿದ್ದರು. ೧೪೫೩ರಲ್ಲಿ ಹಾಗೆ ಕಟ್ಟಿ ಕಾಯಲು ಸಾಕಷ್ಟು ಜನವಿರಲಿಲ್ಲ, ಹಣವಿರಲಿಲ್ಲ, ನೆರೆಯವರ ನೆರವಿರಲಿಲ್ಲ. ತಮ್ಮತಮ್ಮಲ್ಲೇ ನಡೆದ ಸಿಂಹಾಸನದ ಕಾದಾಟಗಳೂ, ಮಹಾಮಾರಿಯೂ, ತುರ್ಕರ ಏಳ್ಗೆಯೂ ಅದಕ್ಕೆ ಕಾರಣವಾದವು, ನಿಜ. ಆದರೆ ಎರಕದವನ ಸಂಬಳಕ್ಕೂ ಬೊಕ್ಕಸದಲ್ಲಿ ಹಣವಿಲ್ಲದ ಸ್ಥಿತಿಗೆ ಆ ಪಟ್ಟಣವನ್ನು ತಂದ ದೊಡ್ಡ ಪೆಟ್ಟು ೧೨೦೪ರದು. ಅದು ಸೋದರರ ಕೈಯಿಂದಲೇ ಬಿದ್ದ ಪೆಟ್ಟು.

ಧರ್ಮಸಭೆ ಇದನ್ನು ಮರೆಮಾಚಲಿಲ್ಲವೆಂಬುದು ನಮಗೆ ಹೆಮ್ಮೆಯ ವಿಷಯ. ೧೯೬೫ರ ಡಿಸೆಂಬರ್ ೭ರಂದು ಜಗದ್ಗುರು ಆರನೆಯ ಪೌಲರೂ ಮಹಾಧರ್ಮಾಧ್ಯಕ್ಷ ಅಥೆನಾಗೊರಸರೂ ೧೦೫೪ರ ಪರಸ್ಪರ ಬಹಿಷ್ಕಾರಗಳನ್ನು ನೆನಪಿನಿಂದ ಅಳಿಸಿಹಾಕಿದರು. ೨೦೦೧ರ ಮೇ ತಿಂಗಳಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅಥೆನ್ಸ್ ಪಟ್ಟಣದಲ್ಲಿ ಕಾನ್‌ಸ್ಟಾಂಟಿನೋಪಲಿನ ಸೂರೆಯನ್ನು ಹೆಸರಿಸಿ, ಕಥೋಲಿಕರು ಪೂರ್ವದ ಸೋದರರಿಗೆ ಮಾಡಿದ ಅಪರಾಧಗಳಿಗಾಗಿ ದೇವರ ಕ್ಷಮೆಯನ್ನು ಬೇಡಿದರು. ೨೦೦೪ರ ನವೆಂಬರಿನಲ್ಲಿ, ಅಂದರೆ ಸೂರೆಯ ಎಂಟುನೂರನೆಯ ವರ್ಷದಲ್ಲಿ, ರೋಮಿನಲ್ಲಿದ್ದ ಸಂತ ಜಾನ್ ಕ್ರಿಸೊಸ್ತೊಮ್ ಮತ್ತು ಸಂತ ಗ್ರೆಗೊರಿ ನಾಜಿಯಾನ್‌ಜೆನ್ ಅವರ ಪವಿತ್ರ ಅವಶೇಷಗಳನ್ನು ಮಹಾಧರ್ಮಾಧ್ಯಕ್ಷ ಬಾರ್ತಲೋಮಿಯೊ ಅವರಿಗೆ ಒಪ್ಪಿಸಿದರು. ಆ ಸಂತರಿಬ್ಬರೂ ಕಾನ್‌ಸ್ಟಾಂಟಿನೋಪಲಿನಲ್ಲೇ ಧರ್ಮಾಧ್ಯಕ್ಷರಾಗಿದ್ದವರು. ಫಿರಂಗಿ ಒಡೆದದ್ದನ್ನು ಕಟ್ಟಲು ಗಾರೆಯವರು ಸಾಕು. ಮನಸ್ಸು ಒಡೆದದ್ದನ್ನು ಕಟ್ಟಲು ಎಂಟುನೂರು ವರ್ಷಗಳು ಬೇಕಾದವು, ಆ ಕೆಲಸ ಇನ್ನೂ ಮುಗಿದಿಲ್ಲ.

ಆ ಪಟ್ಟಣ ಇಂದು ಇಸ್ತಾಂಬುಲ್ ಎಂಬ ಹೆಸರಿನಲ್ಲಿ ಬೆಳೆದು ನಿಂತಿದೆ. ಮಸೀದಿಯಾಗಿ, ಬಳಿಕ ವಸ್ತುಸಂಗ್ರಹಾಲಯವಾಗಿದ್ದ ಹಾಗಿಯಾ ಸೋಫಿಯಾ ೨೦೨೦ರಲ್ಲಿ ಮತ್ತೆ ಮಸೀದಿಯಾಯಿತು. ಥಿಯೋಡೋಸಿಯಸನ ಗೋಡೆಗಳು ೧೯೮೫ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸೈನಿಕರು ಬಿಟ್ಟುಹೋದ ಕಂದಕದಲ್ಲಿ ತೋಟಿಗರು ಶತಮಾನಗಳ ಕಾಲ ಸೊಪ್ಪು ತರಕಾರಿಗಳನ್ನು ಬೆಳೆದಿದ್ದಾರೆ.

ನೂರು ವರ್ಷ ತುಂಬಿದ ದೇವಾಲಯದ ಕಲ್ಲುಗೋಡೆಗಳನ್ನು ನೋಡಿ ಹರ್ಷಪಡುವ ನಾವು ಈ ಚರಿತ್ರೆಯನ್ನು ನೆನೆಯುವುದು ಉಚಿತ. ಊರೆಂದ ಮೇಲೆ ನೀಲಿಯೂ ಹಸಿರೂ ಇದ್ದೇ ಇರುತ್ತವೆ. ಮೇಲಿನ ಕೇರಿ ಕೆಳಗಿನ ಕೇರಿಗಳೂ, ಹಳೆಯ ಮನೆತನಗಳ ಮುನಿಸುಗಳೂ ಇರುತ್ತವೆ. ಗೋಡೆ ಬಿದ್ದಾಗ ಅವರೆಲ್ಲ ಕೂಡಿ ಕಲ್ಲು ಹೊರುವರೋ ಇಲ್ಲವೋ ಎಂಬುದೇ ಪ್ರಶ್ನೆ. ಶಾಂತಿಯ ಪ್ರಭುವಾದ ಯೇಸುಕ್ರಿಸ್ತರು ಕೂಡಿ ಕಟ್ಟುವ ಬುದ್ಧಿಯನ್ನೂ, ಅದಕ್ಕೆ ಬೇಕಾದ ಕ್ಷಮಾಗುಣವನ್ನೂ ನಮ್ಮೆಲ್ಲರಿಗೂ ದಯಪಾಲಿಸಲಿ.